ಟೂರಿಂಗ್ ಅತ್ತೆ, ಜಿಟಿ ಮಾವ

ನಮ್ಮ ಸೋದರತ್ತೆಗೆ ಕಾರು ಓಡಿಸಲು ಬರುವುದಿಲ್ಲ. ಸ್ಕೂಟರ್ ಬರುವುದಿಲ್ಲ. ಸೈಕಲ್ಲನ್ನು ಒಮ್ಮೆ ಹತ್ತಿದ್ದುಂಟಂತೆ. ಹತ್ತಿದ್ದು ರಸ್ತೆಯಲ್ಲಿ, ಇಳಿದದ್ದು ತಿಪ್ಪೆಗುಂಡಿಯಲ್ಲಿ. ಆದರೂ ಮೋಟಾರ್ ರೇಸಿನ ಬಗ್ಗೆ ಅವರಿಗಿಂತ ಹೆಚ್ಚು ತಿಳಿದವರು ಎಚ್.ಡಿ. ಕೋಟೆ ತಾಲ್ಲೂಕಿನಲ್ಲಂತೂ ಇಲ್ಲ, ಅಕ್ಕಪಕ್ಕದ ಹುಣಸೂರು, ಪಿರಿಯಾಪಟ್ಟಣಗಳಲ್ಲೂ ಇರಲಾರರು ಎಂದು ನಾನು ಎದೆ ತಟ್ಟಿ ಹೇಳಬಲ್ಲೆ!

ಉತ್ಪ್ರೇಕ್ಷೆ ಎನ್ನುವವರು ದಯವಿಟ್ಟು ಒಮ್ಮೆ ಹ್ಯಾಂಡ್‌ಪೋಸ್ಟಿಗೆ ಬನ್ನಿ. ಬಸ್ಸಿಳಿದು, ಒಂದು ಟೀ ಕುಡಿದು, ಟೈರ್ ಅಂಗಡಿಯ ಪಕ್ಕದಲ್ಲಿರುವ ಕುಶನ್ ಅಂಗಡಿಗೆ ಹೋಗಿ. ಹೊಲಿಗೆ ಮೆಷಿನ್ನಿನ ಮುಂದೆ ಕುಳಿತಿರುವ ದಪ್ಪ ಕನ್ನಡಕದ ಹೆಂಗಸನ್ನು, 'ಅಮ್ಮಾ, ಟೂರಿಂಗ್ ಕಾರ್ ರೇಸ್ ಒಳ್ಳೆಯದೋ, ಜಿಟಿ ರೇಸ್ ಒಳ್ಳೆಯದೋ?' ಎಂದು ಕೇಳಿ. ಕೇಳುವ ಮುನ್ನ ಮನೆಗೆ ಫೋನ್ ಮಾಡಿ, ಊಟಕ್ಕೆ ಕಾಯಬೇಡಿ ಎಂದು ತಿಳಿಸಿಬಿಡುವುದು ಕ್ಷೇಮ.

ಅತ್ತೆಗೀಗ ಅರವತ್ತೆರಡು. ಕಾರು, ಜೀಪು, ಆಟೋ, ಟ್ರ್ಯಾಕ್ಟರುಗಳ ಸೀಟು ಹೊಲಿಯುವುದು ಅವರ ಕಸುಬು. ಸುತ್ತಮುತ್ತಲ ಹಳ್ಳಿಗಳಲ್ಲಿ ಯಾರು ಎಷ್ಟು ಮೆತ್ತಗೆ ಕೂರಬೇಕು ಎಂಬುದು ಇಪ್ಪತ್ತೈದು ವರ್ಷದಿಂದ ಅವರ ಕೈಯಲ್ಲಿದೆ. ಅಂಥವರಿಗೆ ಈ ರೇಸಿನ ಹುಚ್ಚು ಹಿಡಿಸಿದವರು ಗೋಣಿಕೊಪ್ಪದ ಕಡೆಯ ಒಬ್ಬ ಕಾಫಿ ಪ್ಲಾಂಟರು. ಅವರು ರ‍್ಯಾಲಿ, ರೇಸು ಎಂದು ಓಡಾಡುವ ಮನುಷ್ಯ. ಒಂದು ದಿನ ತಮ್ಮ ರೇಸ್ ಕಾರಿನ ಸೀಟು ಹರಿದಿದೆಯೆಂದು ಅತ್ತೆಯ ಅಂಗಡಿಗೆ ತಂದರು. ಅತ್ತೆ ಕಾರಿನೊಳಗೆ ತಲೆ ಹಾಕಿ ನೋಡುತ್ತಾರೆ, ಇರುವುದೇ ಒಂದು ಸೀಟು! ಹಿಂದೆ ಬರೀ ಕಬ್ಬಿಣದ ಪೈಪುಗಳ ಪಂಜರ.

"ಹಿಂದ್ಗಡೆ ಸೀಟು ಎಲ್ಲಿ ಸಾರ್?"

"ರೇಸ್ ಕಾರಿಗೆ ಹಿಂದೆ ಸೀಟ್ ಇರೋದಿಲ್ಲಮ್ಮ. ಭಾರ ಆಗುತ್ತೆ ಅಂತ ಕಿತ್ತು ಹಾಕ್ತೀವಿ."

"ಅಂಗಾರೆ ಎಂಡ್ತಿ ಮಕ್ಕಳು?"

"ಅವರೂ ಭಾರ ಅಲ್ವೇನಮ್ಮ!" ಎಂದು ಪ್ಲಾಂಟರು ನಕ್ಕರಂತೆ. ಅತ್ತೆ ನಗಲಿಲ್ಲ. ಹೆಂಡತಿ ಮಕ್ಕಳನ್ನೂ ಬಿಟ್ಟು ಹೋಗಿ ಅಲ್ಲಿ ಅಂಥದ್ದೇನು ಮಾಡುತ್ತಾರೆ ಎಂಬುದು ಅವರಿಗೆ ತಿಳಿಯಬೇಕಿತ್ತು. ಸೀಟು ಹೊಲಿದು ಮುಗಿಯುವ ತನಕ ಪ್ಲಾಂಟರು ಮೊಬೈಲಿನಲ್ಲಿ ಒಂದು ಟೂರಿಂಗ್ ಕಾರ್ ರೇಸ್ ಹಾಕಿ ತೋರಿಸಿದರು. ಒಂದು ತಾಸಿನ ಕೆಲಸಕ್ಕೆ ಅತ್ತೆ ಮೂರು ತಾಸು ತೆಗೆದುಕೊಂಡರು. ಅವತ್ತು ಹೊಲಿದ ಹೊಲಿಗೆ ಮಾತ್ರ ಸೊಟ್ಟಗೆ ಬಂದಿತ್ತು ಎಂದು ಅವರೇ ಒಪ್ಪಿಕೊಳ್ಳುತ್ತಾರೆ. ಜೀವಮಾನದಲ್ಲಿ ಅದೊಂದೇ ಸೊಟ್ಟ ಹೊಲಿಗೆಯಂತೆ!

ಈಗ ತಿಳಿಯದವರಿಗಾಗಿ ಎರಡು ಮಾತು. ಟೂರಿಂಗ್ ಕಾರು ಎಂದರೆ ನಾವು ನೀವು ಮದುವೆ ಮುಂಜಿಗೆ ಹೋಗುವ ಸಾಮಾನ್ಯ ಕಾರೇ. ಒಳಗಿನದನ್ನೆಲ್ಲ ಕಿತ್ತು, ಪಂಜರ ಕಟ್ಟಿ, ಇಂಜಿನ್ನಿಗೆ ಸ್ವಲ್ಪ ಮದ್ದು ಅರೆದು ರೇಸಿಗೆ ಬಿಡುತ್ತಾರೆ. ಜಿಟಿ ಹಾಗಲ್ಲ. ಅದು ಹುಟ್ಟಿನಿಂದಲೇ ಸಿರಿವಂತ. ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು, ಹೆಗಲು ಅಗಲಿಸಿಕೊಂಡು ನಿಂತಿರುವ, ಒಂದು ಕಾರಿಗೆ ಒಂದು ತೋಟವನ್ನೇ ಮಾರಬೇಕಾದ ಜಾತಿ. ಇದನ್ನೆಲ್ಲ ನಾನು ಓದಿ ತಿಳಿದದ್ದಲ್ಲ, ಕೆ.ಆರ್. ನಗರದ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುವ ನನಗೆ ಇದನ್ನು ಪಾಠ ಮಾಡಿದವರು ಏಳನೇ ಕ್ಲಾಸು ಓದಿದ ಅತ್ತೆ.

"ಟೂರಿಂಗು ಅಂದ್ರೆ ನಾಟಿ ಹುಂಜದ ಜಗಳ ಕಣ್ಲಾ. ಜಿಟಿ ಅಂದ್ರೆ ಜಂಬೂ ಸವಾರಿ. ಆನೆ ನೋಡಕ್ಕೆ ಚೆಂದವೇ. ಆದ್ರೆ ಒಂದಾನೆ ಇನ್ನೊಂದಾನೆ ಹಿಂದ್ಗಡೆ ಹೋಯ್ತಾ ಇದ್ರೆ ಎಷ್ಟೊತ್ತು ಅಂತ ನೋಡೀಯ?"

"ಮತ್ತೆ ಖರ್ಚು ಅತ್ತೆ?"

"ಆಹಾ, ಖರ್ಚು! ಒಂದು ಜಿಟಿ ದುಡ್ಡಲ್ಲಿ ಮೂರೋ ನಾಕೋ ಟೂರಿಂಗ್ ಬತ್ತವೆ. ತಂದ್ಬುಟ್ರೆ ಮುಗೀತಾ? ಸೀಮೆ ಹಸ ಕಟ್ದಂಗೆ! ಹಿಂಡಿ ಬ್ಯಾರೆ, ಬೂಸ ಬ್ಯಾರೆ, ವಾರಕ್ಕೊಂದಪ ಡಾಕ್ಟ್ರು. ಬಂಪರ್ ಒಂದು ಉಜ್ಕಂಡ್ರೆ ವಿಮಾನದಲ್ಲಿ ತರುಸ್ಬೇಕಂತೆ. ಟೂರಿಂಗಿಗೆ? ಟೇಪ್ ಸುತ್ತಿ ಬುಟ್ರೆ ಮುಂದಿನ ರೇಸಿಗೆ ರೆಡಿ!"

ಇಷ್ಟು ಹೊತ್ತು ಮೂಲೆಯ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತಿದ್ದ ಮಾವ ಈಗ ಕೆಮ್ಮುತ್ತಾರೆ.

"ಸೀಮೆ ಹಸ ಹಾಲೂ ಅಂಗೇ ಕರೀತದಲ್ಲ ಕಣೆ."

"ಕರಿಯೋರು ನೀವಾ?" ಎಂದು ಅತ್ತೆ ತಿರುಗಿ ಕೇಳುತ್ತಾರೆ. ಮಾವ ಮತ್ತೆ ಕಣ್ಣು ಮುಚ್ಚುತ್ತಾರೆ.

ನಮ್ಮ ಈ ಮಾವ ಜಿಟಿ ಪಕ್ಷ. ಅವರು ಸರ್ಕಾರಿ ಬಸ್ಸಿನ ಡ್ರೈವರಾಗಿದ್ದವರು. ಕಾಡಂಚಿನ ರಸ್ತೆಗಳಲ್ಲಿ ಆನೆ ದಾಟಿದರೂ, ಮಳೆಗೆ ಮರ ಬಿದ್ದರೂ, ಒಂದು ದಿನವೂ ಬಸ್ಸಿಗೆ ಗೀರು ಬೀಳದಂತೆ ಓಡಿಸಿದ ಮನುಷ್ಯ. ನಿವೃತ್ತಿಗೆ ನಾಲ್ಕು ವರ್ಷವಿರುವಾಗ ಎದುರಿನ ವಾಹನದ ದೀಪಗಳ ಸುತ್ತ ಬಣ್ಣದ ಬಳೆಗಳು ಕಾಣಿಸತೊಡಗಿದವು. ಗ್ಲಾಕೋಮ ಎಂದರು ಡಾಕ್ಟರು. ಕಣ್ಣಿನೊಳಗಿನ ಒತ್ತಡ ಏರಿ ನರ ಸಾಯುವ ಕಾಯಿಲೆ. ಕೆಲಸ ಬಿಡೆಂದು ಯಾರೂ ಬಲವಂತ ಮಾಡಲಿಲ್ಲ. ಮಾವನೇ ಡಿಪೋಗೆ ಹೋಗಿ, 'ನಂದು ಐವತ್ತು ಜನದ ಬಸ್ಸು ಸಾರ್, ನಂಗೆ ಸರಿಯಾಗಿ ಕಾಣ್ತಾ ಇಲ್ಲ' ಎಂದು ಹೇಳಿ ಸ್ಟಿಯರಿಂಗ್ ಬಿಟ್ಟುಕೊಟ್ಟು ಬಂದರು. ಈಗ ಎಡಗಣ್ಣು ಪೂರ್ತಿ ಹೋಗಿದೆ. ಬಲಗಣ್ಣಿಗೆ ಬೆಳಕು ನೆರಳು ಮಾತ್ರ ತಿಳಿಯುತ್ತದೆ.

ಹೀಗಾಗಿ ಅವರ ಮನೆಯಲ್ಲಿ ರೇಸ್ ನೋಡುವುದೆಂದರೆ, ಅತ್ತೆ ನೋಡುವುದು, ಮಾವ ಕೇಳುವುದು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಮೊಬೈಲನ್ನು ಉಪ್ಪಿನಕಾಯಿ ಜಾಡಿಗೆ ಒರಗಿಸಿ ನಿಲ್ಲಿಸಿ ಅತ್ತೆ ಶುರು ಮಾಡುತ್ತಾರೆ. ಟೂರಿಂಗ್ ರೇಸಾದರೆ ಹ್ಯಾಂಡ್‌ಪೋಸ್ಟಿನ ಬಸ್ ಸ್ಟಾಪಿಗೇ ಕೇಳಬೇಕು!

"ಬಿಟ್ರು ಬಿಟ್ರು! ಕೆಂಪು ಕಾರು ಮೂಗು ತೂರುಸ್ತಾವ್ನೆ, ನೀಲಿಯವ್ನು ಬಾಗ್ಲು ಹಾಕ್ತಾವ್ನೆ... ಹಾಕ್ಬುಟ್ಟ! ಗುದ್ದುದ್ರು ರೀ! ಕನ್ನಡಿ ಕಿತ್ಕಂಡು ಹೋಯ್ತು! ಹಿಂದ್ಲಿಂದ ಬಿಳಿಯವ್ನು... ಅಯ್ಯೋ ಇವ್ನ ಮನೆ ಕಾಯ್ವಾಗ, ಹುಲ್ಲಿನ ಮ್ಯಾಲೇ ಬಂದ್ಬುಟ್ನಲ್ಲ!"

ಜಿಟಿ ರೇಸಾದರೆ ಇದೇ ಬಾಯಿಯ ವರದಿ ಹೀಗಿರುತ್ತದೆ:

"ಹೋಯ್ತಾವ್ರೆ." ಎರಡು ನಿಮಿಷ ಮೌನ. "ಇನ್ನೂ ಹೋಯ್ತಾವ್ರೆ." ಮತ್ತೆರಡು ನಿಮಿಷ. "ಹೋಯ್ತಾನೇ ಅವ್ರೆ. ನೀವು ಕೇಳ್ತಿರಿ, ನಾನು ಬಟ್ಟೆ ಒಗ್ದಾಕಿ ಬತ್ತೀನಿ."

"ಹೋಗು, ನಂಗೆ ನಿನ್ನ ವರದಿ ಬ್ಯಾಡ," ಎನ್ನುತ್ತಾರೆ ಮಾವ. "ನಂಗೇ ಕೇಳುಸ್ತದೆ. ಇದು ಎಂಟು ಸಿಲಿಂಡರಿಂದು. ಎದೆ ಒಳ್ಗೆ ತಮಟೆ ಹೊಡ್ದಂಗೆ ಬತ್ತದೆ. ಅದು ಆರರದು, ಕೂಗ್ತದೆ. ನಿನ್ನ ಟೂರಿಂಗು ಎಲ್ಲಾ ಒಂದೇ ಸದ್ದು, ಮಿಕ್ಸಿಗೆ ಕೊಬ್ರಿ ಹಾಕ್ದಂಗೆ!"

ಯೋಚಿಸಿ ನೋಡಿ, ಇಬ್ಬರದೂ ಸರಿಯೇ ಅಲ್ಲವೇ? ಕಣ್ಣಿದ್ದವರಿಗೆ ಟೂರಿಂಗಿನ ಗುದ್ದಾಟ ರೋಮಾಂಚನ. ಕಿವಿಯೊಂದೇ ಇರುವವರಿಗೆ ಜಿಟಿಯ ಸದ್ದು. ಈ ಸರಳ ತೀರ್ಪನ್ನು ನಾನು ಒಮ್ಮೆ ಅವರ ಮುಂದಿಟ್ಟೆ. ಇಬ್ಬರೂ ಒಟ್ಟಿಗೆ ನನ್ನ ಮೇಲೆ ಬಿದ್ದರು. ಸೋಲಲು ಒಪ್ಪದವರ ನಡುವೆ ಸಮನಾಗಿ ಗೆಲ್ಲಿಸಲು ಹೋಗುವವನಂಥ ಮೂರ್ಖ ಇನ್ನೊಬ್ಬನಿಲ್ಲ! ಪಕ್ಕದ ಟೈರ್ ಅಂಗಡಿಯ ಭಾಯಿ ನನಗಿಂತ ಜಾಣರು. ಅತ್ತೆ ಅವರನ್ನು ಪಂಚಾಯ್ತಿಗೆ ಕರೆದಾಗಲೆಲ್ಲ ಅವರು ಹೇಳುವುದು ಒಂದೇ ಮಾತು: "ಅಕ್ಕಾ, ನಂಗೆ ಎಲ್ಡೂ ಒಂದೇ. ಟೈರ್ ಸವೀಬೇಕು, ಅಷ್ಟೇ."

ರೇಸು ಮೊಬೈಲಿನೊಳಗೇ ಇದ್ದಿದ್ದರೆ ನಮಗೇನೂ ತೊಂದರೆ ಇರಲಿಲ್ಲ. ಅತ್ತೆ ಅದರ ಕಾನೂನುಗಳನ್ನು ನಮ್ಮ ಬದುಕಿಗೆ ಜಾರಿಗೊಳಿಸಿದರು. ಟೂರಿಂಗ್ ರೇಸುಗಳಲ್ಲಿ ಒಂದು ನಿಯಮವಿದೆ. ಗೆದ್ದ ಕಾರಿಗೆ ಮುಂದಿನ ರೇಸಿನಲ್ಲಿ ಹೆಚ್ಚುವರಿ ತೂಕ ಕಟ್ಟುತ್ತಾರೆ, ಹಿಂದೆ ಉಳಿದವರಿಗೂ ಒಂದು ಅವಕಾಶವಿರಲಿ ಎಂದು. ಅತ್ತೆಗೆ ಈ ನಿಯಮ ತಿಳಿದ ದಿನ ಕಣ್ಣಲ್ಲಿ ನೀರು ಬಂದಿತ್ತಂತೆ. "ಗೆದ್ದೋನ ಬೆನ್ನಿಗೆ ಭಾರ ಹೊರುಸ್ತಾರೆ ಕಣ್ಲಾ! ಇಷ್ಟು ನ್ಯಾಯ ನಮ್ಮೂರ ಪಂಚಾಯ್ತೀಲೂ ಇಲ್ಲ!"

ಆ ವರ್ಷವೇ ನನಗೆ ಕಾಲೇಜಿನಲ್ಲಿ ಬಡ್ತಿ ಸಿಕ್ಕಿತು. ಸಿಹಿ ಹಿಡಿದುಕೊಂಡು ಹ್ಯಾಂಡ್‌ಪೋಸ್ಟಿಗೆ ಹೋದೆ. ಅತ್ತೆ ಸಿಹಿ ಬಾಯಿಗೆ ಹಾಕಿಕೊಂಡು, ನನ್ನ ತಲೆ ಸವರಿ, "ಗೆದ್ದೆ ಬುಡು ಮಗ" ಎಂದು ಹರಸಿ, ಆಮೇಲೆ ಅಂಗಡಿಯ ಹೊರಗೆ ಬಂದಿಳಿದಿದ್ದ ರೆಕ್ಸಿನ್ ಉರುಳೆಗಳನ್ನು ತೋರಿಸಿದರು. ಹನ್ನೊಂದು ಉರುಳೆ. ಎಲ್ಲವನ್ನೂ ಅಟ್ಟಕ್ಕೆ ಹೊತ್ತು ಹಾಕಿದೆ. ಪಕ್ಕದಲ್ಲೇ ನನ್ನ ತಮ್ಮ ಕಾಲ ಮೇಲೆ ಕಾಲು ಹಾಕಿಕೊಂಡು ಸಿಹಿ ತಿನ್ನುತ್ತಿದ್ದ. ಅವನಿಗೆ ಆ ವರ್ಷ ಬಡ್ತಿ ಸಿಕ್ಕಿರಲಿಲ್ಲ!

ತಂಗಿಗೆ ಗಂಡು ನೋಡುವಾಗಲೂ ಅತ್ತೆಯದೇ ಕಡೆಯ ಮಾತು. ಮೊದಲು ಬಂದ ಹುಡುಗ ಕಪ್ಪು ಕನ್ನಡಕ ತೆಗೆಯದೆ ಕುಳಿತ. ಬಾಟಲಿ ನೀರು ಬಿಟ್ಟು ಬೇರೆ ಮುಟ್ಟುವುದಿಲ್ಲವೆಂದ. ಉಪ್ಪಿಟ್ಟಿನಲ್ಲಿ ಕರಿಬೇವು, ಮೆಣಸಿನಕಾಯಿ, ಈರುಳ್ಳಿ ಎಲ್ಲವನ್ನೂ ಆರಿಸಿ ತಟ್ಟೆಯಂಚಿಗೆ ಜೋಡಿಸಿದ. ಅವರು ಹೊರಟ ಮೇಲೆ ಅತ್ತೆ ತೀರ್ಪು ಕೊಟ್ಟರು: "ಇದು ಜಿಟಿ. ನೋಡಕ್ಕೆ ಚೆಂದ, ಸಾಕಕ್ಕಾಗಲ್ಲ."

ಎರಡನೆಯವನು ಪಿರಿಯಾಪಟ್ಟಣದ ಕಡೆಯವನು. ಬರುವಾಗ ದಾರಿಯಲ್ಲಿ ಬೈಕ್ ಜಾರಿ ಬಿದ್ದು, ಮೊಣಕೈ ತರಚಿಕೊಂಡು, ಪ್ಯಾಂಟಿಗೆಲ್ಲ ಕೆಸರು ಮಾಡಿಕೊಂಡೇ ಬಂದ. ಬಂದವನು ಕೈಕಾಲು ತೊಳೆದು ಎರಡು ತಟ್ಟೆ ಉಪ್ಪಿಟ್ಟು ತಿಂದ. ಅತ್ತೆ ಒಳಗೆ ಬಂದು ತಂಗಿಯ ಕಿವಿಯಲ್ಲಿ, "ಒಪ್ಕಬುಡವ್ವ, ಟೂರಿಂಗ್ ಗಾಡಿ. ಗುದ್ದಿಸ್ಕಂಡ್ರೂ ಮನೆ ಮುಟ್ಟುಸ್ತದೆ" ಎಂದರು. ಆತನೇ ಈಗ ನಮ್ಮ ತಂಗಿಯ ಗಂಡ. 'ಟೂರಿಂಗ್ ಗಾಡಿ' ಎಂಬುದು ಹೊಗಳಿಕೆಯೋ ಬೈಗುಳವೋ ಎಂದು ಆತ ಇವತ್ತಿಗೂ ಆಗಾಗ ನನ್ನನ್ನು ಗುಟ್ಟಾಗಿ ಕೇಳುವುದುಂಟು.

ಕಳೆದ ವರ್ಷ ಮಾವನನ್ನು ಮೈಸೂರಿನ ಡಾಕ್ಟರಿಗೆ ತೋರಿಸಿಕೊಂಡು ಬಂದ ಮರುದಿನ ಅತ್ತೆ ನನಗೆ ಫೋನ್ ಮಾಡಿದರು. ಯಾವತ್ತಿನ ಗದ್ದಲವಿರಲಿಲ್ಲ.

"ಲೋ, ಇರೋ ಚೂರು ಬೆಳಕು ಎಷ್ಟು ದಿನವೋ ಹೇಳಕ್ಕಾಗಲ್ಲ ಅಂದ್ರು ಡಾಕ್ಟ್ರು. ಅದು ಇರೋವಾಗ್ಲೇ ನಿಮ್ಮಾವಂಗೆ ಒಂದು ರೇಸು ತೋರುಸ್ಬುಡ್ಬೇಕು. ಮೊಬೈಲಲ್ಲಲ್ಲ, ಎದ್ರುಗೆ. ಕೊಯಮತ್ತೂರಲ್ಲಿ ಅದಂತೆ, ಪ್ಲಾಂಟರು ಪಾಸ್ ಕೊಡುಸ್ತೀನಿ ಅಂದವ್ರೆ. ನಿನ್ ಕಾರ್ ತಗಬಾ."

ಅತ್ತೆ ಹೇಳಿದ ಮೇಲೆ ಮುಗಿಯಿತು. ಒಂದು ಶನಿವಾರ ಬೆಳಗಿನ ಜಾವ ಹೊರಟೆವು. ಬುತ್ತಿಗೆ ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಹಿಂದಿನ ಸೀಟಿನಲ್ಲಿ ಅತ್ತೆ, ಮುಂದೆ ನನ್ನ ಪಕ್ಕ ಮಾವ. ನನ್ನ ಹಳೆಯ ಕಾರಿನ ಬಾಗಿಲು ಎರಡನೇ ಸಲಕ್ಕೆ ಹಾಕಿಕೊಂಡಿದ್ದು ನೋಡಿ ಅತ್ತೆ, "ಕಾರು ಟೂರಿಂಗ್ ಜಾತಿ ಕಣ್ಲಾ. ಡ್ರೈವರ್ ಮಾತ್ರ ಯಾವ ಜಾತೀಗೂ ಸೇರಾಕಿಲ್ಲ" ಎಂದರು.

ಆ ಮಾತು ದಿಂಬಂ ಘಾಟಿಯಲ್ಲಿ ನಿಜವಾಯಿತು. ಚಾಮರಾಜನಗರ ದಾಟಿ ಕಾಡಿನೊಳಗೆ ಸ್ವಲ್ಪ ದೂರ ಹೋದ ಮೇಲೆ ರಸ್ತೆ ಒಂದೇ ಸಮನೆ ಇಳಿಯುತ್ತದೆ. ಇಪ್ಪತ್ತೇಳು ತಿರುವು. ಎದುರಿನಿಂದ ಲಾರಿಗಳ ಸಾಲು. ಮೂರನೇ ತಿರುವಿನಿಂದಲೇ ನಾನು ಬ್ರೇಕಿನ ಮೇಲಿಂದ ಕಾಲು ತೆಗೆಯುವುದನ್ನೇ ಬಿಟ್ಟೆ. ಆಗ ಮಾವ ಮೆಲ್ಲಗೆ ಮಾತಾಡಿದರು.

"ಎಲ್ಡನೇ ಗೇರಿಗೆ ಬಾ ಮೇಷ್ಟ್ರೇ. ಬ್ರೇಕ್ ತುಳೀತಾ ಇರ್ಬ್ಯಾಡ, ವಾಸ್ನೆ ಬತ್ತಾ ಅದೆ. ಇಂಜನ್ನೇ ಹಿಡ್ಕತದೆ."

ಇಂಜಿನ್ನಿನ ಸದ್ದು, ಮೈ ವಾಲುವುದು, ಬ್ರೇಕಿನ ವಾಸನೆ. ಇಷ್ಟನ್ನೇ ಇಟ್ಟುಕೊಂಡು ಆ ಕಣ್ಣಿಲ್ಲದ ಮನುಷ್ಯ ನನ್ನನ್ನು ಆ ಘಾಟಿ ಇಳಿಸಿದರು! "ಮುಂದೆ ಲಾರಿ ಅದೆ, ಬ್ರೇಕಿನ ಏರ್ ಬುಟ್ಟ ಕೇಳ್ತಾ? ಅವ್ನು ತಿರುಗ್ಲಿ, ತಡಿ." "ಈಗ ಬುಡು, ಮೆತ್ತಗೆ." ಹಿಂದಿನ ಸೀಟಿನಲ್ಲಿ ಅತ್ತೆ ಅವತ್ತು ಒಂದೇ ಒಂದು ವರದಿ ಕೊಡಲಿಲ್ಲ. ಕನ್ನಡಿಯಲ್ಲಿ ನೋಡಿದೆ. ಮಾವನ ತಲೆಯ ಹಿಂಭಾಗವನ್ನೇ ನೋಡುತ್ತ, ಪಾಸಾದ ಮಗನ ಹೆಸರನ್ನು ಪೇಪರಿನಲ್ಲಿ ಓದಿದ ತಾಯಿಯ ಹಾಗೆ ಕುಳಿತಿದ್ದರು.

ಹತ್ತೂವರೆಗೆ ರೇಸಿನ ಮೈದಾನ ಮುಟ್ಟಿದೆವು. ಗ್ಯಾಲರಿಯಲ್ಲಿ ಕುಳಿತದ್ದೇ ತಡ, ಅತ್ತೆಯ ಬಾಯಿ ತೆರೆಯಿತು. ಹದಿನೈದು ಇಪ್ಪತ್ತು ಕಾರುಗಳು ಒಟ್ಟಿಗೆ ಮೊದಲ ತಿರುವಿಗೆ ನುಗ್ಗಿದಾಗ ಮಾವನ ಭುಜ ಹಿಡಿದು ಕುಲುಕುತ್ತ ಅವರು ಕೂಗಿದ ಕೂಗಿಗೆ ಮುಂದಿನ ಸಾಲಿನ ತಮಿಳು ಕುಟುಂಬವೊಂದು ರೇಸು ಬಿಟ್ಟು ಹಿಂದಕ್ಕೆ ತಿರುಗಿತು. ತಿರುಗಿದವರು ಮತ್ತೆ ಮುಂದೆ ತಿರುಗಲೇ ಇಲ್ಲ! ಭಾಷೆ ಬರದಿದ್ದರೂ ಅತ್ತೆಯ ಮುಖ, ಕೈ ನೋಡುತ್ತ ಕುಳಿತರು. ಅತ್ತೆ ಏಳುವಾಗ ಎದ್ದರು, 'ಅಯ್ಯೋ' ಎಂದಾಗ ಅವರೂ 'ಅಯ್ಯೋ' ಎಂದರು. ರೇಸು ಮುಗಿದ ಮೇಲೆ ಆ ಮನೆಯ ಹಿರಿಯರು ಅತ್ತೆಗೆ ಕೈಮುಗಿದು ಒಂದು ಪೊಟ್ಟಣ ಮುರುಕು ಕೊಟ್ಟು ಹೋದರು.

ಮಧ್ಯಾಹ್ನ ಬಿಡುವು. ಪ್ಲಾಂಟರು ಕೊಡಿಸಿದ್ದ ಪಾಸಿನಲ್ಲಿ ಕಾರುಗಳನ್ನು ರಿಪೇರಿ ಮಾಡುವ ಗ್ಯಾರೇಜುಗಳ ಸಾಲಿಗೂ ಹೋಗಬಹುದಿತ್ತು. ಅಲ್ಲೊಂದು ಹಳದಿ ಜಿಟಿ ಕಾರು ನಿಂತಿತ್ತು. ಅದು ರೇಸಿಗೆ ಬಂದದ್ದಲ್ಲ. ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು ಟ್ರ್ಯಾಕಿನಲ್ಲಿ ಸುತ್ತು ಹಾಕಿಸಲು ಅದರ ಮಾಲೀಕರು ತಂದಿದ್ದರು. ಒಂದು ಸವಾರಿಗೆ ಎಷ್ಟೆಂದು ಕೇಳಿ ಬಂದು ಹೇಳಿದೆ. ಅತ್ತೆ ಬೆರಳು ಮಡಿಚಿ, "ಎಂಟು ಕಾರಿನ ಸೀಟು ಹೊಲ್ದಂಗಾಯ್ತು! ಮೂರು ಸುತ್ತಿಗೆ! ನಾನು ಹೇಳ್ಲಿಲ್ವಾ ಸೀಮೆ ಹಸ ಅಂತ?" ಎಂದು ಮುಖ ತಿರುಗಿಸಿ ಮುಂದೆ ನಡೆದರು. ಮಾವ ಮಾತ್ರ ಆ ಇಂಜಿನ್ನು ಒಮ್ಮೆ ಗುರುಗುಟ್ಟಿದಾಗ ನಿಂತಲ್ಲೇ ನಿಂತರು. ನಾನು ಕೈ ಹಿಡಿದು ಕರೆದುಕೊಂಡು ಬರಬೇಕಾಯಿತು.

ನಾಲ್ಕು ಹೆಜ್ಜೆ ಮುಂದೆ ಒಂದು ಟೂರಿಂಗ್ ಕಾರು. ಅದರ ಡ್ರೈವರ್ ಇಪ್ಪತ್ತೈದರ ಒಬ್ಬ ಹುಡುಗಿ, ಬೆಂಗಳೂರಿನವಳು. ಬೆಳಗಿನ ರೇಸಿನಲ್ಲಿ ಒಂಬತ್ತನೆಯವಳಾಗಿ ಮುಗಿಸಿ, ಗ್ಯಾರೇಜಿನವರ ಹತ್ತಿರ ಏನೋ ಹೇಳುತ್ತ ಮುಖ ಸಣ್ಣ ಮಾಡಿಕೊಂಡು ನಿಂತಿದ್ದಳು. ಅತ್ತೆ ಅವಳನ್ನು ನೋಡಲಿಲ್ಲ. ನೇರವಾಗಿ ಕಾರಿನೊಳಗೆ ತಲೆ ಹಾಕಿದರು.

"ಯಾರವ್ವ ಈ ಹೊಲ್ಗೆ ಹಾಕ್ದೋರು?"

ಕನ್ನಡ ಕೇಳಿ ಹುಡುಗಿ ತಿರುಗಿದಳು. "ಯಾಕಾಂಟಿ?"

"ಬಲಗಡೆ ದಿಂಬಿನ ಹೊಲ್ಗೆ ಬಿಟ್ಕಂಡು ಒಳಗಿನ ಸ್ಪಂಜು ಜರುಗೋಗದೆ. ಎಡಕ್ಕೆ ತಿರುಗ್ಸುವಾಗ ನೀನು ಬಲಕ್ಕೆ ಜಾರಲ್ವಾ?"

ಹುಡುಗಿ ಬಾಯಿ ತೆರೆದಳು. "ಜಾರ್ತೀನಿ ಆಂಟಿ! ಬೆಳಗ್ಗೆಯಿಂದ ಅದೇ ಹೇಳ್ತಿದೀನಿ, ಇವರೆಲ್ಲ ಸಸ್ಪೆನ್ಶನ್ ಬಿಚ್ಚಿ ನೋಡ್ತಿದಾರೆ!"

"ಸಸ್ಪೆನ್ಶನ್ ಏನ್ಮಾಡ್ತದೆ ಪಾಪ, ಕೂತ್ಕಳೋ ಜಾಗ ಸರೀಗಿಲ್ದಿದ್ರೆ?"

ಅತ್ತೆ ತಮ್ಮ ಚೀಲಕ್ಕೆ ಕೈ ಹಾಕಿ ಬಾಗಿದ ಸೂಜಿ ಮತ್ತು ಮೇಣ ಹಚ್ಚಿದ ದಾರ ತೆಗೆದರು. ಹೆಂಗಸರ ಚೀಲದಲ್ಲಿ ಕುಂಕುಮದ ಭರಣಿ ಇರುತ್ತದೆ, ಬಾಚಣಿಗೆ ಇರುತ್ತದೆ; ನಮ್ಮ ಅತ್ತೆಯ ಚೀಲದಲ್ಲಿ ಇದು. ಗ್ಯಾರೇಜಿನವರು ಮುಖ ಮುಖ ನೋಡಿಕೊಂಡರು. ಹುಡುಗಿ, "ಬಿಡಿ, ಹೊಲೀಲಿ" ಎಂದಳು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅರವತ್ತು ದಾಟಿದ ಅತ್ತೆ ಆ ಪಂಜರದೊಳಗೆ ತೂರಿದರು. ಜರುಗಿದ್ದ ಸ್ಪಂಜನ್ನು ಒತ್ತಿ ಜಾಗಕ್ಕೆ ಕೂರಿಸಿ, ಹುಡುಗಿಯನ್ನು ಎರಡು ಸಲ ಕೂರಿಸಿ ಎಬ್ಬಿಸಿ, ಪಕ್ಕೆಯ ಅಳತೆ ನೋಡಿ, ಅರ್ಧ ತಾಸಿನಲ್ಲಿ ಜೋಡಿ ಹೊಲಿಗೆ ಹಾಕಿ ದಾರವನ್ನು ಹಲ್ಲಿನಲ್ಲಿ ಕಡಿದರು. ಮಾವ ಹೊರಗೆ ಟೈರಿನ ಮೇಲೆ ಕುಳಿತು, "ಅವ್ಳು ದಾರ ಕಡುದ್ಲು ಅಂದ್ರೆ ಹೊಲ್ಗೆ ಇನ್ನ ಬುಡಾಕಿಲ್ಲ ಕಣವ್ವ" ಎಂದು ಆ ಹುಡುಗಿಗೆ ಧೈರ್ಯ ಹೇಳಿದರು.

ಎರಡನೇ ರೇಸಿನಲ್ಲಿ ಹುಡುಗಿ ನಾಲ್ಕನೆಯವಳಾಗಿ ಬಂದಳು. ಎಲ್ಲರೂ ಅವಳು ಒಬ್ಬೊಬ್ಬರನ್ನೇ ಹಿಂದೆ ಹಾಕಿದ್ದನ್ನು ನೋಡಿ ಚಪ್ಪಾಳೆ ತಟ್ಟುತ್ತಿದ್ದರೆ ಅತ್ತೆ ಪ್ರತಿ ಎಡ ತಿರುವಿಗೂ ಎದ್ದು ನಿಂತು ಮಾವನಿಗೆ ಹೇಳುತ್ತಿದ್ದರು: "ಬಿಟ್ಟಿಲ್ಲ ರೀ! ಹೊಲ್ಗೆ ಬಿಟ್ಟಿಲ್ಲ!"

ಹುಡುಗಿ ಹೆಲ್ಮೆಟ್ ತೆಗೆದವಳೇ ಓಡಿ ಬಂದು ಅತ್ತೆಯನ್ನು ತಬ್ಬಿಕೊಂಡಳು. ದುಡ್ಡು ಕೊಡಲು ಹೋದಳು, ಅತ್ತೆ ಗದರಿದರು. ಆಗ ಅವಳು, "ಹಾಗಾದ್ರೆ ಒಂದು ರೌಂಡ್ ಆದ್ರೂ ಬನ್ನಿ ಆಂಟಿ. ನಮ್ಮ ಪ್ರಾಕ್ಟೀಸ್ ಟೂರಿಂಗ್ ಕಾರಲ್ಲಿ ಎರಡನೇ ಸೀಟಿದೆ, ನಾನೇ ಓಡಿಸ್ತೀನಿ. ಇಲ್ಲಾಂದ್ರೆ ಆ ಹಳದಿ ಜಿಟಿ ನನ್ನ ಕೋಚ್‌ದೇ. ನಾನು ಹೇಳಿದ್ರೆ ಕರ್ಕೊಂಡು ಹೋಗ್ತಾರೆ. ಯಾವುದರಲ್ಲಿ ಹೋಗ್ತೀರಿ?" ಎಂದಳು.

ನಾನು ಅತ್ತೆಯ ಮುಖ ನೋಡಿದೆ. ಎಷ್ಟು ವರ್ಷದ ಹಂಬಲ! ಮೊಬೈಲಿನಲ್ಲಿ ನೋಡಿ ನೋಡಿ ಸವೆದ ಆ ಟೂರಿಂಗ್ ಕಾರು ಬಾಗಿಲು ತೆರೆದುಕೊಂಡು ನಿಂತಿದೆ. ಅತ್ತೆ ಅದರ ಕಡೆ ಒಂದು ಸಲ ನೋಡಿದರು, ಚೆನ್ನಾಗಿಯೇ ನೋಡಿದರು. ಆಮೇಲೆ ಹೇಳಿದರು:

"ಆ ಹಳ್ದಿದು ಕಣವ್ವ. ನಂಗಲ್ಲ. ನಮ್ಮೆಜಮಾನ್ರಿಗೆ."

ಮಾವ ಬೇಡವೆಂದರು. "ನೀನು ಹೋಗೆ, ನಂಗೇನು ಕಾಣ್ತದೆ?" ಎಂದರು. ಅತ್ತೆ ಕೇಳುವವರೇ? ಏನಾದರೂ ಆದರೆ ಹೊಣೆ ನಮ್ಮದೇ ಎಂಬ ಕಾಗದಕ್ಕೆ, ಮಾವನ ಕೈಯನ್ನು ನನ್ನಿಂದ ಹಿಡಿಸಿ ಸಹಿ ಹಾಕಿಸಿ, ಹೆಲ್ಮೆಟ್ಟಿನ ಪಟ್ಟಿ ತಾವೇ ಬಿಗಿದು, ಸೀಟಿನ ಹೊಲಿಗೆಯನ್ನು ಮುಟ್ಟಿ ಪರೀಕ್ಷೆ ಮಾಡಿ ಕೂರಿಸಿದರು. ಕೋಚು, "ಭಯ ಪಡ್ಬೇಡಿ ಸಾರ್, ನಿಧಾನ ಹೋಗ್ತೀನಿ" ಎಂದರು. ಹೆಲ್ಮೆಟ್ಟಿನೊಳಗಿಂದ ಮಾವನ ಉತ್ತರ ಬಂತು: "ಅಷ್ಟು ದೂರದಿಂದ ಬಂದು ನಿಧಾನಕ್ಕೆ ಹೋಯ್ತಾರಾ?"

ಕಾರು ಹೋಯಿತು. ಆ ಸದ್ದು ಗೋಡೆಗೆ ಬಡಿದು ನಮ್ಮ ಎದೆಗೂ ಬಡಿಯಿತು. ಅತ್ತೆ ತಡೆಗೋಡೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಮೊದಲ ಸುತ್ತು ಬಂತು, ಹೋಯಿತು. ಎರಡನೆಯದೂ ಬಂತು.

"ಏನತ್ತೆ, ಸುಮ್ಮನಾಗ್ಬಿಟ್ರಿ? ಹೇಳಿ, ಏನಾಗ್ತಿದೆ?" ಎಂದು ಕೆಣಕಿದೆ.

"ಯಾರಿಗ್ಲಾ ಹೇಳ್ಲಿ?" ಎಂದರು ಅತ್ತೆ, ರಸ್ತೆಯಿಂದ ಕಣ್ಣು ತೆಗೆಯದೆ. "ಕೇಳೋರು ಒಳಗವ್ರೆ."

ಮೂರು ಸುತ್ತು ಮುಗಿಸಿ ಕಾರು ಬಂದು ನಿಂತಿತು. ಬಾಗಿಲು ತೆರೆದರು. ಮಾವ ಇಳಿಯಲಿಲ್ಲ. ಅತ್ತೆ ಗಾಬರಿಯಾಗಿ ಓಡಿ ಹೋಗಿ ಹೆಲ್ಮೆಟ್ ತೆಗೆದರು. ಮಾವನ ಮುಖವೆಲ್ಲ ಬೆವರು, ಕೂದಲು ಹಣೆಗೆ ಅಂಟಿಕೊಂಡಿದೆ, ತುಟಿ ನಗುತ್ತಿದೆಯೋ ಅಳುತ್ತಿದೆಯೋ ತಿಳಿಯದು.

"ಪ್ರತಿ ತಿರುವಲ್ಲೂ ನಾನೇ ಬ್ರೇಕ್ ಒತ್ಬುಟ್ಟೆ ಕಣೆ," ಎಂದರು. "ಅವ್ರು ಒತ್ತೋ ಹೊತ್ಗೆ ಸರ್ಯಾಗಿ. ಒಂದ್ರಲ್ಲೂ ತಪ್ಲಿಲ್ಲ. ನನ್ ಕಾಲ ಕೆಳ್ಗೆ ಬ್ರೇಕೇ ಇರ್ಲಿಲ್ಲ, ಆದ್ರೂ ಒತ್ತೇ ಒತ್ತಿದೆ. ಬಸ್ ಬುಟ್ಟು ಹದಿಮೂರು ವರ್ಷ ಆಗಿತ್ತಲ್ವಾ?"

ನಾನು ಬಗ್ಗಿ ನೋಡಿದೆ. ಅವರ ಬಲಗಾಲು ಇನ್ನೂ ಖಾಲಿ ನೆಲವನ್ನು ಒತ್ತಿ ಹಿಡಿದು ನಡುಗುತ್ತಿತ್ತು. ಅತ್ತೆ ಆ ಕಾದ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು, ಆ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಸುತ್ತ ಜನ ನಿಂತಿದ್ದಾರೆ ಎಂಬುದನ್ನೂ ಮರೆತು, ಮಗುವಿಗೆ ಹೇಳುವಂತೆ ಮೆಲ್ಲಗೆ ಹೇಳಿದರು:

"ಬುಡ್ರೀ ಇನ್ನ, ಕಾಲು ಸಡ್ಲ ಬುಡಿ. ಗಾಡಿ ನಿಂತದೆ. ಎಲ್ರೂ ಇಳ್ಕಂಡ್ರು."